ಬಣ್ಣಕ್ಕೆ ಮುನ್ನ ಮರೆ: ಮಾದರಿ ತಯಾರಿಕೆಗೆ ಶಾಲೆಯಲ್ಲಿ ಒಂದು ಸ್ಥಾನವಿರಲಿ

ಗಡಿನಾಡಿನ ಒಂದು ಕನ್ನಡ ಶಾಲೆ ಐವತ್ತು ವರ್ಷಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆತನಗಳು ಅದಕ್ಕೂ ಮೊದಲಿನಿಂದಲೇ ಅನಂತಪುರ ಜಿಲ್ಲೆಯಲ್ಲಿದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು ಎಂಬ ಈ ತ್ರಿವೇಣಿಯ ನಡುವೆ ಕನ್ನಡದ ಅಕ್ಷರವನ್ನು ಉಳಿಸಿಕೊಂಡು ಬಂದ ಗುರುವೃಂದಕ್ಕೂ ಪೋಷಕ ಮಹನೀಯರಿಗೂ ಬೆಳುಗುಪ್ಪದ ಸುತ್ತಲಿನ ಕನ್ನಡಿಗರು ಋಣಿಗಳಾಗಿದ್ದಾರೆ. ಆ ಋಣವನ್ನು ತೀರಿಸುವ ಬಗೆ ಯಾವುದು ಎಂಬ ಪ್ರಶ್ನೆ ಸುವರ್ಣ ಮಹೋತ್ಸವದ ಸಮಯದಲ್ಲಿ ಸಹಜವಾಗಿ ಏಳುತ್ತದೆ. ಸ್ವಾಗತ ಕಮಾನು, ಶಾಶ್ವತ ವೇದಿಕೆ, ಅಮೃತಶಿಲೆಯ ಫಲಕ ಇವೆಲ್ಲ ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆಗಳು. ಇವುಗಳಲ್ಲಿ ಯಾವುದನ್ನೂ ನಾನು ವಿರೋಧಿಸುವುದಿಲ್ಲ. ಆದರೆ ಇವೆಲ್ಲಕ್ಕಿಂತ ಕಡಿಮೆ ವೆಚ್ಚದ, ಹೆಚ್ಚು ಕಾಲ ಫಲ ಕೊಡುವ ಒಂದು ಸಲಹೆಯನ್ನು ವಾಚಕರ ಮುಂದಿಡುವ ಅಪೇಕ್ಷೆ ನನ್ನದು. ಶಾಲೆಯಲ್ಲಿ ಕೈಕೆಲಸಕ್ಕೆಂದೇ ಒಂದು ಕೊಠಡಿಯಿರಲಿ. ಅಲ್ಲಿ ಮಕ್ಕಳು ಮಾದರಿಗಳನ್ನು ತಾವೇ ಮಾಡಲಿ, ತಾವೇ ಬಣ್ಣ ಹಚ್ಚಲಿ.

ಕೈಕೆಲಸದ ಮಹತ್ವವನ್ನು ನಮ್ಮ ದೇಶದಲ್ಲಿ ಯಾರೂ ಹೇಳದೆ ಉಳಿದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂಬ ನಯೀ ತಾಲೀಮ್ ವಿಚಾರವನ್ನು ಮಂಡಿಸಿದರು. 1964ರಿಂದ 66ರವರೆಗೆ ನಡೆದ ಕೊಠಾರಿ ಆಯೋಗವು ಕಾರ್ಯಾನುಭವ ಶಿಕ್ಷಣದ ಅಂಗವಾಗಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನಗಳ ಕಾಲ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದೇ ಮಾತನ್ನು ಬೇರೆ ಬೇರೆ ಹೆಸರಿನಲ್ಲಿ ಹೇಳುತ್ತ ಬಂದಿದ್ದೇವೆ ಎಂದರೆ, ಆ ಮಾತು ಇನ್ನೂ ಕೃತಿಗಿಳಿದಿಲ್ಲ ಎಂದೇ ಅರ್ಥ. ವೇಳಾಪಟ್ಟಿಯಲ್ಲಿ ಗಣಿತಕ್ಕೆ ಅವಧಿ ಸಾಲದೆ ಬಂದಾಗ ಮೊದಲು ಬಲಿಯಾಗುವುದು ಕೈಕೆಲಸದ ಅವಧಿಯೇ. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಪೇಟೆಯ ಅಂಗಡಿಯಿಂದ ಸಿದ್ಧ ಮಾದರಿ ಬರುತ್ತದೆ. ತಂದೆ ಹಣ ಕೊಡುತ್ತಾರೆ, ಅಂಗಡಿಯವರು ಮಾಡಿಕೊಡುತ್ತಾರೆ, ಮಗು ಹೆಸರಿನ ಚೀಟಿ ಅಂಟಿಸುತ್ತದೆ. ಬಹುಮಾನವೂ ಬರುತ್ತದೆ. ಆ ಮಗುವಿನ ಬೆರಳಿಗೆ ಮಾತ್ರ ಏನೂ ಬಂದಿರುವುದಿಲ್ಲ.

ಮಾದರಿ ತಯಾರಿಕೆಯಲ್ಲಿ ನಾನು ಉದಾಹರಣೆಗೆ ಆರಿಸಿಕೊಳ್ಳುವುದು ಸೇನಾ ವಾಹನಗಳ ಮಾದರಿಗೆ ಮರೆಬಣ್ಣ ಹಚ್ಚುವ ಕೆಲಸವನ್ನು. ಇದು ಕೆಲವರಿಗೆ ವಿಚಿತ್ರವೆನಿಸಬಹುದು. ಮರೆಬಣ್ಣವೆಂದರೆ ಇಂಗ್ಲಿಷಿನವರು ಕ್ಯಾಮೊಫ್ಲಾಜ್ ಎನ್ನುವ, ಟ್ಯಾಂಕು ಲಾರಿಗಳ ಮೈಮೇಲೆ ಹಸುರು, ಕಂದು, ಮರಳು ಬಣ್ಣಗಳ ಅಂಕುಡೊಂಕಿನ ಪಟ್ಟೆಗಳಾಗಿ ಕಾಣುವ ಆ ಬಣ್ಣಗಾರಿಕೆ. ಇದನ್ನು ಮಾದರಿಯ ಮೇಲೆ ಸರಿಯಾಗಿ ತರಬೇಕಾದರೆ ಒಂದು ಬಣ್ಣ ಬೀಳುವಾಗ ಇನ್ನೊಂದು ಬಣ್ಣದ ಜಾಗವನ್ನು ಮುಚ್ಚಿಡಬೇಕು. ಈ ಮುಚ್ಚುವ ಕೆಲಸಕ್ಕೆ ಕುಶಲಿಗಳು ಮಾಸ್ಕಿಂಗ್ ಎನ್ನುತ್ತಾರೆ; ನಾವು ಮರೆ ಕಟ್ಟುವುದು ಎನ್ನೋಣ. ನೋಡಲು ಆಟದಂತಿರುವ ಈ ಕೆಲಸದಲ್ಲಿ ಗಣಿತವಿದೆ, ರಸಾಯನವಿದೆ, ಇತಿಹಾಸವಿದೆ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆಯಿದೆ.

ಮರೆಬಣ್ಣದ ಇತಿಹಾಸವೇ ಒಂದು ಪಾಠದಷ್ಟು ರೋಚಕವಾದುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಫ್ರೆಂಚ್ ಸೈನ್ಯವು ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆದು ಗಿರಾಂದ್ ದ ಸ್ಕೆವೊಲಾ ಎಂಬ ಭಾವಚಿತ್ರಕಾರನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಫಿರಂಗಿಗಳನ್ನು ಮರೆಮಾಡಲು ಚಿತ್ರಕಾರರೇ ಬೇಕಾದರು. ಏಕೆಂದರೆ ಕಣ್ಣು ಹೇಗೆ ನೋಡುತ್ತದೆಂಬುದನ್ನು ಬಲ್ಲವನೇ ಕಣ್ಣಿಗೆ ಹೇಗೆ ಬೀಳದಿರಬಹುದೆಂಬುದನ್ನೂ ಬಲ್ಲ. 1917ರಲ್ಲಿ ನಾರ್ಮನ್ ವಿಲ್ಕಿನ್ಸನ್ ಎಂಬ ಆಂಗ್ಲ ಚಿತ್ರಕಾರ ಹಡಗುಗಳಿಗೆ ಕಪ್ಪು ಬಿಳುಪು ನೀಲಿ ಪಟ್ಟೆಗಳ ವಿಚಿತ್ರ ವಿನ್ಯಾಸವನ್ನು ಸೂಚಿಸಿದ. ಹಡಗನ್ನು ಮರೆಮಾಡುವುದು ಅದರ ಉದ್ದೇಶವಾಗಿರಲಿಲ್ಲ. ಹಡಗು ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸಾಗುತ್ತಿದೆಯೆಂಬುದು ಶತ್ರುವಿನ ಜಲಾಂತರ್ಗಾಮಿಗೆ ತಿಳಿಯದಂತೆ ಮಾಡುವುದಾಗಿತ್ತು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮೊದಲು ಪುಟ್ಟ ಮರದ ಹಡಗುಗಳಿಗೆ ಆ ಬಣ್ಣ ಹಚ್ಚಿ, ತಿರುಗುವ ಮೇಜಿನ ಮೇಲಿಟ್ಟು, ಪೆರಿಸ್ಕೋಪಿನಿಂದ ನೋಡಿ ಪರೀಕ್ಷಿಸುತ್ತಿದ್ದರು. ಮಾದರಿಯಲ್ಲಿ ಯಶಸ್ವಿಯಾದ ವಿನ್ಯಾಸವೇ ನಿಜವಾದ ಹಡಗಿನ ಮೇಲೇರುತ್ತಿತ್ತು. ಮಾದರಿಯೆಂದರೆ ಆಟಿಕೆಯೆಂದು ತಿರಸ್ಕರಿಸುವವರು ಇದನ್ನು ನೆನೆಯಬೇಕು. ನಮ್ಮ ರಾಷ್ಟ್ರೀಯ ವಿದ್ಯಾರ್ಥಿ ಸೇನಾದಳದಲ್ಲಿಯೂ ನೌಕಾ ವಿಭಾಗದವರಿಗೆ ಹಡಗಿನ ಮಾದರಿ, ವಾಯು ವಿಭಾಗದವರಿಗೆ ವಿಮಾನದ ಮಾದರಿ ತಯಾರಿಸುವ ತರಬೇತಿಯೂ ಸ್ಪರ್ಧೆಯೂ ಇವೆ.

ಮರೆ ಕಟ್ಟುವ ವಿದ್ಯೆ ವಿದೇಶದಿಂದ ಬಂದ ಹೊಸತೇನೂ ಅಲ್ಲ. ನೆಲಗಡಲೆಯ ಮೂಟೆಯ ಮೇಲೆ ತಗಡಿನ ಅಚ್ಚಿಟ್ಟು ಮಸಿ ಬಳಿಯುವ ಮಂಡಿಯ ಹಮಾಲಿ ಮಾಡುವುದು ಇದನ್ನೇ. ತೂತಿನ ತಟ್ಟೆಯಲ್ಲಿ ರಂಗೋಲಿ ಹಿಟ್ಟನ್ನು ಜರಡಿ ಹಿಡಿದು ಹೊಸ್ತಿಲ ಮುಂದೆ ಹೂ ಬಿಡಿಸುವ ಗೃಹಿಣಿ ಮಾಡುವುದೂ ಇದನ್ನೇ. ಶ್ರೀಕಾಳಹಸ್ತಿಯ ಕಲಂಕಾರಿ ಸಂಪ್ರದಾಯದಲ್ಲಿ ನೀಲಿ ಬಣ್ಣ ಹತ್ತಬಾರದ ಜಾಗಕ್ಕೆ ಮೇಣ ಬಳಿದು ಬಟ್ಟೆಯನ್ನು ನೀಲಿಯಲ್ಲಿ ಅದ್ದುವ ಕ್ರಮವಿತ್ತು. ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಯ ಕಲಾವಿದರು ಹದಮಾಡಿದ ಚರ್ಮಕ್ಕೆ ಎರಡು ಕಡೆಯೂ ಬಣ್ಣ ಹಚ್ಚುವುದರ ಜೊತೆಗೆ ಉಳಿಯಿಂದ ಸಣ್ಣ ಸಣ್ಣ ರಂಧ್ರಗಳನ್ನೂ ಕೊರೆಯುತ್ತಾರೆ. ದೀಪ ಹಚ್ಚಿದಾಗ ಗೊಂಬೆಯ ಆಭರಣವಾಗಿ ಹೊಳೆಯುವುದು ಬಣ್ಣವಿಲ್ಲದ ಆ ರಂಧ್ರಗಳೇ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಬಣ್ಣ ಎಲ್ಲಿ ಬೀಳಬೇಕೆಂಬುದಕ್ಕಿಂತ ಎಲ್ಲಿ ಬೀಳಬಾರದೆಂಬುದನ್ನು ಮೊದಲು ನಿರ್ಧರಿಸುವುದೇ ಈ ಎಲ್ಲ ಕಲೆಗಳ ಮೂಲ.

ಈಗ ಕೆಲಸದ ವಿವರಕ್ಕೆ ಬರೋಣ. ಮೊದಲ ಪ್ರಶ್ನೆ ಅಳತೆಯದು. ಸೇನಾ ವಾಹನಗಳ ಮಾದರಿಗಳಲ್ಲಿ ಪ್ರಪಂಚದಾದ್ಯಂತ ಹೆಚ್ಚು ಬಳಕೆಯಲ್ಲಿರುವುದು 35ರಲ್ಲಿ ಒಂದು ಪಾಲಿನ ಅಳತೆ. ನಮ್ಮ ಸೈನ್ಯದಲ್ಲಿ ಅಜೇಯವೆಂದು ಹೆಸರು ಪಡೆದ ಟಿ-72 ಟ್ಯಾಂಕಿನ ಒಡಲು ಸುಮಾರು 7 ಮೀಟರ್ ಉದ್ದ. ಈ ಅಳತೆಯಲ್ಲಿ ಅದು 20 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟು. ಇನ್ನು ಬಣ್ಣದ ಅಂಚಿನ ವಿಚಾರ. ನಿಜವಾದ ಟ್ಯಾಂಕಿನ ಮೇಲೆ ಎರಡು ಬಣ್ಣಗಳು ಕೂಡುವಲ್ಲಿ, ಸಿಂಪಡಿಸುವ ಯಂತ್ರದಿಂದ ಹಚ್ಚಿದ್ದರೆ, ಒಂದರೊಳಗೊಂದು ಕರಗುವ ಮಸುಕಾದ ಅಂಚು ಇರುತ್ತದೆ. ಆ ಮಸುಕಿನ ಅಗಲ 7 ಸೆಂಟಿಮೀಟರ್ ಎಂದುಕೊಂಡರೆ ಮಾದರಿಯ ಮೇಲೆ ಅದು ಕೇವಲ 2 ಮಿಲಿಮೀಟರ್ ಆಗಬೇಕು. ಮಾದರಿಯಲ್ಲಿ ಅದು ಒಂದು ಸೆಂಟಿಮೀಟರ್ ಅಗಲಕ್ಕೆ ಹರಡಿದರೆ, ನೋಡುವವನ ಕಣ್ಣು ಅದನ್ನು 35 ಸೆಂಟಿಮೀಟರಿನ ಮಸುಕೆಂದು ಓದುತ್ತದೆ. ಟ್ಯಾಂಕು ಟ್ಯಾಂಕಿನಂತೆ ಕಾಣದೆ ಗೊಂಬೆಯಂತೆ ಕಾಣುತ್ತದೆ. ಪ್ರಮಾಣ ಮತ್ತು ಅನುಪಾತದ ಲೆಕ್ಕವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬಿಡಿಸಿದರೂ ಮೂಡದ ತಿಳಿವು ಈ ಎರಡು ಮಿಲಿಮೀಟರಿನಲ್ಲಿ ಮೂಡುತ್ತದೆ.

ಅಂಚು ಎಂತಹದಿರಬೇಕೆಂಬುದು ಇತಿಹಾಸದ ಪ್ರಶ್ನೆಯೂ ಹೌದು. 1943ರ ಫೆಬ್ರುವರಿಯಲ್ಲಿ ಜರ್ಮನ್ ಸೈನ್ಯವು ತನ್ನ ವಾಹನಗಳಿಗೆ ಕಡು ಹಳದಿಯನ್ನು ಮೂಲ ಬಣ್ಣವನ್ನಾಗಿ ಮಾಡಿ, ಹಸುರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿ ಲೇಪದ ರೂಪದಲ್ಲಿ ಡಬ್ಬಿಗಳಲ್ಲಿ ಪಡೆಗಳಿಗೆ ಒದಗಿಸಿತು. ಸಿಬ್ಬಂದಿ ಅದನ್ನು ನೀರಿನಲ್ಲೋ ಪೆಟ್ರೋಲಿನಲ್ಲೋ ಕಲಸಿ ಕೈಗೆ ಸಿಕ್ಕ ಸಾಧನದಿಂದ ಹಚ್ಚುತ್ತಿದ್ದರು. ಸಿಂಪಡಿಸಿದಲ್ಲಿ ಮೃದುವಾದ ಅಂಚು, ಕುಂಚದಿಂದ ಬಳಿದಲ್ಲಿ ಗಡುಸಾದ ಅಂಚು. ಆದುದರಿಂದ ಮಾದರಿಗೆ ಮರೆ ಕಟ್ಟುವ ಮುನ್ನ ವಿದ್ಯಾರ್ಥಿಯು ಆ ವಾಹನದ ಛಾಯಾಚಿತ್ರವನ್ನು ನೋಡಿ, ಇದು ಯಾವ ಕಾಲದ್ದು, ಯಾರು ಹಚ್ಚಿದ್ದು, ಏನಿನಿಂದ ಹಚ್ಚಿದ್ದು ಎಂದು ಕೇಳಬೇಕಾಗುತ್ತದೆ.

ಗಡುಸು ಅಂಚಿಗೆ ಅಂಟುಪಟ್ಟಿಯೇ ಸೂಕ್ತ. ಮೂಲ ಬಣ್ಣ ಒಂದು ಹಗಲು ಒಂದು ರಾತ್ರಿ ಪೂರ್ಣವಾಗಿ ಒಣಗಿದ ಮೇಲೆಯೇ ಪಟ್ಟಿ ಹಚ್ಚಬೇಕು. ಪಟ್ಟಿಯ ಅಂಟು ಬಲವಾಗಿದ್ದರೆ ಅದನ್ನು ಮೊದಲು ಅಂಗೈಗೆ ಅಂಟಿಸಿ ಕೀಳಬೇಕು. ಅಂಟು ತಗ್ಗಿ, ಕೆಳಗಿನ ಬಣ್ಣ ಕಿತ್ತು ಬರುವುದಿಲ್ಲ. ಪಟ್ಟಿಯ ತುದಿ ಹೊಸತಾಗಿ ಕತ್ತರಿಸಿದುದಾಗಿರಬೇಕು. ಗಾಜಿನ ಮೇಲಿಟ್ಟು ಹರಿತವಾದ ಬ್ಲೇಡಿನಿಂದ ಬೇಕಾದ ಆಕಾರಕ್ಕೆ ಕೊಯ್ಯಬಹುದು. ಹಚ್ಚಿದ ಮೇಲೆ ಅಂಚನ್ನು ಮರದ ಕಡ್ಡಿಯಿಂದ ಒತ್ತಿ ಕೂರಿಸಬೇಕು. ಇಷ್ಟಾದರೂ ಬಣ್ಣ ಅಂಚಿನಡಿ ನುಸುಳುವ ಭಯವಿರುತ್ತದೆ. ಅದಕ್ಕೊಂದು ಉಪಾಯವಿದೆ: ಎರಡನೆಯ ಬಣ್ಣಕ್ಕೆ ಮುನ್ನ ಪಟ್ಟಿಯ ಅಂಚಿನ ಮೇಲೆ ಮೊದಲಿನ ಬಣ್ಣವನ್ನೇ ತೆಳುವಾಗಿ ಮತ್ತೊಮ್ಮೆ ಹಾಯಿಸುವುದು. ನುಸುಳುವುದು ಅದೇ ಬಣ್ಣವಾದುದರಿಂದ ಕಣ್ಣಿಗೆ ಕಾಣುವುದಿಲ್ಲ, ಸಂದೂ ಮುಚ್ಚಿಹೋಗುತ್ತದೆ. ಪಟ್ಟಿಯನ್ನು ಬಿಚ್ಚುವಾಗ ಮೇಲಕ್ಕೆ ಎಳೆಯದೆ ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಸುಲಿಯಬೇಕು.

ಮೃದು ಅಂಚಿಗೆ ಬೇರೆ ಕ್ರಮ. ಅಂಟುವ ಮೃದುವಾದ ಪುಟ್ಟಿಯನ್ನು ಎಳೆಯಾಗಿ, ಚಕ್ಕುಲಿಗೆ ಹಿಟ್ಟು ಹೊಸೆಯುವಂತೆ ಹೊಸೆದು ಬಣ್ಣದ ಗಡಿಯುದ್ದಕ್ಕೂ ಇಟ್ಟು, ಒಳಭಾಗವನ್ನು ಕಾಗದದಿಂದ ಮುಚ್ಚಿ, ನೇರವಾಗಿ ಎದುರಿನಿಂದ ಬಣ್ಣ ಸಿಂಪಡಿಸಬೇಕು. ಎಳೆ ದುಂಡಾಗಿರುವುದರಿಂದ ಅದರ ಬುಡದಲ್ಲಿ ಬಣ್ಣ ಕ್ರಮೇಣ ತೆಳುವಾಗಿ ಮಸುಕು ತಾನಾಗಿ ಮೂಡುತ್ತದೆ. ಓರೆಯಾಗಿ ಸಿಂಪಡಿಸಿದರೆ ಒಂದು ಕಡೆ ಗಡುಸು, ಇನ್ನೊಂದು ಕಡೆ ಹರಕು. ಕಾಗದದ ಮರೆಯನ್ನೇ ಬಳಸುವುದಾದರೆ ಅದನ್ನು ಮೈಗೆ ಅಂಟಿಸದೆ, ಕೆಳಗೆ ಸಣ್ಣ ಉಂಡೆಗಳನ್ನಿಟ್ಟು ಒಂದೆರಡು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸಿದರೆ ಅದೇ ಪರಿಣಾಮ ದೊರೆಯುತ್ತದೆ. ಬಣ್ಣ ಕಿತ್ತು ತುಕ್ಕು ಕಾಣುವಂತೆ ಮಾಡಬೇಕಾದರೆ ಅಡುಗೆಮನೆಯ ಉಪ್ಪೇ ಸಾಕು. ತುಕ್ಕಿನ ಬಣ್ಣ ಒಣಗಿದ ಮೇಲೆ ಮೈ ಒದ್ದೆ ಮಾಡಿ ಅಲ್ಲಲ್ಲಿ ಉಪ್ಪಿನ ಹರಳುಗಳನ್ನು ಉದುರಿಸಿ, ನೀರಾರಿದ ಬಳಿಕ ಮೇಲಿನ ಬಣ್ಣ ಹಾಯಿಸಿ, ಅದು ಒಣಗಿದ ಮೇಲೆ ಹರಳುಗಳನ್ನು ಗಡುಸು ಕುಂಚದಿಂದ ಉಜ್ಜಿ ತೆಗೆದರೆ ಹರಳಿದ್ದಲ್ಲೆಲ್ಲ ತುಕ್ಕು ಇಣುಕುತ್ತದೆ. ಮರೆಬಣ್ಣಕ್ಕೆ ಸಾಮಾನ್ಯವಾಗಿ ಅನ್ವಯಿಸುವ ಒಂದು ನಿಯಮವುಂಟು: ತಿಳಿಬಣ್ಣ ಮೊದಲು, ಕಡುಬಣ್ಣ ಆಮೇಲೆ. ಕಡುವಿನ ಮೇಲೆ ತಿಳಿಯನ್ನು ಹಚ್ಚಲು ಹೋದರೆ ಲೇಪ ದಪ್ಪವಾಗಿ ಸೂಕ್ಷ್ಮ ವಿವರಗಳು ಮುಳುಗಿಹೋಗುತ್ತವೆ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಮರೆಬಣ್ಣ ಯಾವುದಿರಬೇಕೆಂದು ತೀರ್ಮಾನಿಸುವುದು ಪುಸ್ತಕವಲ್ಲ, ನೆಲ. ಜೈಸಲ್ಮೇರಿನ ಮರಳಿಗೆ ಒಪ್ಪುವ ಬಣ್ಣ ಪಂಜಾಬಿನ ಗೋಧಿಯ ಹೊಲಕ್ಕೆ ಒಪ್ಪುವುದಿಲ್ಲ. ಹಾಗಾದರೆ ಬೆಳುಗುಪ್ಪದ ಹೊಲದಲ್ಲಿ ಒಂದು ವಾಹನವನ್ನು ಮರೆಮಾಡಬೇಕಾದರೆ ಯಾವ ಬಣ್ಣ ಹಚ್ಚಬೇಕು? ಈ ಪ್ರಶ್ನೆಯನ್ನು ಏಳನೆಯ ತರಗತಿಯ ಮಕ್ಕಳಿಗೆ ಕೊಟ್ಟು ಹೊರಗೆ ಕಳುಹಿಸಿ ನೋಡಿ. ಬೇಸಗೆಯಲ್ಲಿ ಕೆಂಪು ಮಣ್ಣು, ಬೂದು ಬಂಡೆ, ಒಣಗಿದ ಜಾಲಿ. ಮುಂಗಾರು ಕೈಗೂಡಿದ ವರ್ಷ ನೆಲಗಡಲೆಯ ಹಸುರು. ಅಲ್ಲಲ್ಲಿ ಎರೆ ಭೂಮಿಯ ಕಪ್ಪು. ಜೀಡಿಪಲ್ಲಿ ಜಲಾಶಯದ ಕಡೆಗೆ ನೀರಿನ ಹೊಳಪು. ಗುಡ್ಡದ ಮೇಲೆ ಬಿಳಿಯ ಗಾಳಿಯಂತ್ರಗಳು. ಮಳೆ ತಪ್ಪಿದ ವರ್ಷ ಹಸುರು ಬಣ್ಣದ ಡಬ್ಬಿಯನ್ನು ತೆರೆಯುವ ಅಗತ್ಯವೇ ಬಾರದು. ಪ್ರತಿದಿನ ತುಳಿಯುವ ನೆಲದ ಬಣ್ಣ ಯಾವುದೆಂದು ಮಗು ಮೊದಲ ಬಾರಿಗೆ ಕಣ್ಣಿಟ್ಟು ನೋಡುತ್ತದೆ. ಕೆಂಪೆಂದರೆ ಒಂದೇ ಕೆಂಪಲ್ಲವೆಂದು ಅದಕ್ಕೆ ತಿಳಿಯುತ್ತದೆ. ಊರನ್ನು ಬಿಟ್ಟು ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದೇ ವಿದ್ಯೆಯ ಗುರಿಯಾಗಿರುವ ಕಾಲದಲ್ಲಿ ಸ್ವಂತ ನೆಲವನ್ನು ದೃಷ್ಟಿಸಿ ನೋಡುವಂತೆ ಮಾಡುವ ಪಾಠ ಬೇರೆ ಯಾವುದಿದೆ? ಲೇಪಾಕ್ಷಿಯ ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ ಹದಿನಾರನೆಯ ಶತಮಾನದ ವಿಜಯನಗರದ ಚಿತ್ರಕಾರರು ಮಣ್ಣುಬಣ್ಣಗಳಿಂದಲೇ ಚಿತ್ರ ಬರೆದರು. ಕೆಂಪು, ಹಳದಿ, ಕಪ್ಪು, ಬಿಳುಪು ಮೊದಲಾದ ಕೆಲವೇ ಬಣ್ಣಗಳಲ್ಲಿ ಅವರಿಗೆ ಒಂದು ಲೋಕವೇ ಸಿಕ್ಕಿತು.

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು ಗಂಭೀರವಾದುದು: ಮಕ್ಕಳ ಕೈಗೆ ಯುದ್ಧದ ಯಂತ್ರವನ್ನು ಕೊಡುವುದು ಸರಿಯೇ? ಈ ಪ್ರಶ್ನೆಯನ್ನು ತಳ್ಳಿಹಾಕುವವನು ಶಿಕ್ಷಕನಾಗಲಾರ. ಟ್ಯಾಂಕು ಕೊಲ್ಲಲೆಂದೇ ಮಾಡಿದ ಯಂತ್ರ. ಅದಕ್ಕೆ ಎಷ್ಟು ಚೆಂದದ ಬಣ್ಣ ಹಚ್ಚಿದರೂ ಆ ಸತ್ಯ ಮುಚ್ಚುವುದಿಲ್ಲ, ಮುಚ್ಚಲೂಬಾರದು. ಆದರೆ ಮರೆಬಣ್ಣದ ಉದ್ದೇಶ ಒಳಗಿರುವವನ ಜೀವ ಉಳಿಸುವುದು. 1942ರಲ್ಲಿ ವಿಮಾನದಾಳಿಯ ಭಯದಿಂದ ತಾಜಮಹಲಿನ ಗುಮ್ಮಟಕ್ಕೆ ಅಟ್ಟಣೆ ಕಟ್ಟಿ ಮರೆಮಾಡಿದರು. 1971ರಲ್ಲಿ ಬಟ್ಟೆ ಹೊದಿಸಿದರು. ಅಲ್ಲಿ ಉಳಿಸಬೇಕಾಗಿದ್ದುದು ಸೌಂದರ್ಯವನ್ನು. ಅದೇ 1971ರ ಡಿಸೆಂಬರಿನಲ್ಲಿ ಲೋಂಗೆವಾಲಾದ ಬಯಲು ಮರಳಿನಲ್ಲಿ ಬೆಳಕು ಹರಿದ ಮೇಲೆ ಶತ್ರುವಿನ ಟ್ಯಾಂಕುಗಳು ನಮ್ಮ ಹಂಟರ್ ವಿಮಾನಗಳಿಗೆ ಸುಲಭವಾಗಿ ಗುರಿಯಾದವು. ಮರೆಯಾಗಲು ಅಲ್ಲಿ ಒಂದು ಮರವೂ ಇರಲಿಲ್ಲ. ಆ ಟ್ಯಾಂಕುಗಳಲ್ಲಿದ್ದವರೂ ಯಾರದೋ ಮಕ್ಕಳು. ನನ್ನ ಸಲಹೆಯೆಂದರೆ, ಪ್ರತಿ ಮಾದರಿಯ ಪಕ್ಕದಲ್ಲಿ ವಿದ್ಯಾರ್ಥಿ ಕನ್ನಡದಲ್ಲಿ ಬರೆದ ಒಂದು ಪುಟ ಇರಲಿ: ಈ ವಾಹನ ಎಲ್ಲಿ ಹೋರಾಡಿತು, ಏಕೆ ಹೋರಾಡಿತು, ಎಂತಹ ನಷ್ಟವಾಯಿತು. ಆ ಪುಟವಿಲ್ಲದ ಮಾದರಿಗೆ ಬಹುಮಾನ ಬೇಡ. ಯುದ್ಧ ವಾಹನವೇ ಬೇಡವೆನ್ನುವ ಮಗು ಆಂಬುಲೆನ್ಸನ್ನೋ ಸೇತುವೆ ಕಟ್ಟುವ ಸೇನಾ ಲಾರಿಯನ್ನೋ ಆರಿಸಿಕೊಳ್ಳಲಿ. ಮರೆ ಕಟ್ಟುವ ವಿದ್ಯೆ ಅಲ್ಲಿಯೂ ಒಂದೇ.

ಎರಡನೆಯ ಆಕ್ಷೇಪಣೆ ವೆಚ್ಚದ್ದು. ವಿದೇಶೀ ಪ್ಲಾಸ್ಟಿಕ್ ಮಾದರಿ, ಗಾಳಿಕುಂಚ, ಅದಕ್ಕೊಂದು ಕಂಪ್ರೆಸರು ಎಂದರೆ ಗ್ರಾಮೀಣ ಶಾಲೆಗೆ ಎಟುಕದ ಮಾತು. ಆದರೆ ಕಲಿಕೆಗೆ ಅವು ಅನಿವಾರ್ಯವಲ್ಲ. ದಪ್ಪ ರಟ್ಟು, ಬೆಂಕಿಪೊಟ್ಟಣ, ಔಷಧದ ಡಬ್ಬಿ, ಹಳೆಯ ಪೆನ್ನಿನ ಕೊಳವೆ ಇವುಗಳಿಂದ ಟ್ಯಾಂಕಿನ ಒಡಲೂ ಕಟ್ಟಬಹುದು, ತೋಪೂ ಕಟ್ಟಬಹುದು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನ ತುಂಡಿನಿಂದ ತಟ್ಟಿದರೆ ಸಿಂಪಡಿಸಿದಂತಹ ಮೈ ಬರುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸಿದರೆ ಧೂಳು ಹಿಡಿದ ಮೈ ಬರುತ್ತದೆ. ಥಿನ್ನರ್ ಬೆರೆಸುವ ಬಣ್ಣಗಳ ಆವಿ ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಶಾಲೆಯಲ್ಲಿ ಅವನ್ನು ದೂರವಿಡುವುದೇ ಲೇಸು. ಬ್ಲೇಡಿನ ಕೆಲಸ ಶಿಕ್ಷಕರ ಕಣ್ಣೆದುರಿನಲ್ಲಿಯೇ ನಡೆಯಲಿ.

ಮೂರನೆಯದು, ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ ಎಂಬುದು. ನಿಜ, ಇಲ್ಲ. ಆದರೆ ಒಂದು ಬಣ್ಣ ಒಣಗುವವರೆಗೆ ಕಾಯದೆ ಮುಂದಿನದಕ್ಕೆ ಕೈಹಾಕಿದ ಹುಡುಗನಿಗೆ ಫಲಿತಾಂಶ ಆ ಸಂಜೆಯೇ ಕೈಯಲ್ಲಿರುತ್ತದೆ. ಯಾರೂ ಗದರಿಸಬೇಕಾಗಿಲ್ಲ, ಕಿತ್ತು ಬಂದ ಬಣ್ಣವೇ ಗದರಿಸುತ್ತದೆ. ಎರಡನೆಯ ಸಲ ಅವನು ತಾನಾಗಿ ಕಾಯುತ್ತಾನೆ. ಕಾಯುವುದನ್ನು ಕಲಿಸುವ ವಿಷಯಗಳು ನಮ್ಮ ಪಠ್ಯಕ್ರಮದಲ್ಲಿ ಹೆಚ್ಚು ಉಳಿದಿಲ್ಲ.

ಇನ್ನೊಂದು ಲಾಭವನ್ನು ಕನ್ನಡ ಶಾಲೆಯಾಗಿ ನಾವು ವಿಶೇಷವಾಗಿ ಯೋಚಿಸಬೇಕು. ಗಡಿನಾಡಿನ ಮಕ್ಕಳಿಗೆ ಕನ್ನಡವು ಪದ್ಯ ಕಂಠಪಾಠದ ಭಾಷೆಯಾಗಿ, ರಾಜ್ಯೋತ್ಸವದ ಭಾಷಣದ ಭಾಷೆಯಾಗಿ ಉಳಿದು, ಕೆಲಸದ ಭಾಷೆಯಾಗಿ ಉಳಿಯದೆ ಹೋಗುವ ಅಪಾಯವಿದೆ. ಭಾಷೆ ಬದುಕುವುದು ಕೈಗಳ ಸುತ್ತ. ಅಂಚು, ಸಂದು, ಲೇಪ, ಮೈ, ಹದ, ಒತ್ತು, ಸುಲಿ, ನುಸುಳು, ಹಾಯಿಸು, ಹೊಸೆ, ತಟ್ಟು ಎಂಬ ಮಾತುಗಳು ವ್ಯಾಕರಣದ ಪುಸ್ತಕದಲ್ಲಿ ಸತ್ತ ಧಾತುಗಳು. ಬಣ್ಣ ಮೆತ್ತಿದ ಬೆರಳುಗಳ ನಡುವೆ ಅವು ಜೀವಂತ. ಟೇಪ್, ಸ್ಪ್ರೇ, ಬ್ಲೇಡ್ ಎಂಬ ಮಾತುಗಳೂ ಜೊತೆಗಿರಲಿ, ತೆಲುಗಿನ ಮಾತೂ ಬರಲಿ, ಬಾಧಕವಿಲ್ಲ. ಒಂದು ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಕನ್ನಡದಲ್ಲಿ ವಿವರಿಸಬಲ್ಲ ಮಗು ಕನ್ನಡವನ್ನು ಸುಲಭವಾಗಿ ಬಿಡುವುದಿಲ್ಲ.

ಆದುದರಿಂದ ಮಹೋತ್ಸವ ಸಮಿತಿಯವರಲ್ಲಿಯೂ ಹಳೆಯ ವಿದ್ಯಾರ್ಥಿ ಬಾಂಧವರಲ್ಲಿಯೂ ನನ್ನ ವಿನಂತಿಗಳು ಇಷ್ಟು. ಬೆಳಕು, ಗಾಳಿ ಚೆನ್ನಾಗಿರುವ ಒಂದು ಕೊಠಡಿಯನ್ನು ಕೈಕೆಲಸಕ್ಕೆಂದು ಮೀಸಲಿಡಿ. ಎರಡು ಉದ್ದನೆಯ ಮೇಜು, ಒಂದು ಬೀಗದ ಬೀರು ಸಾಕು. ವಾರದಲ್ಲಿ ಎರಡು ಅವಧಿಗಳನ್ನು ಒಟ್ಟಿಗೆ ಕೊಡಿ, ಅವುಗಳನ್ನು ಬೇರೆ ಯಾವ ವಿಷಯಕ್ಕೂ ಬಿಟ್ಟುಕೊಡಬೇಡಿ. ಊರಿನ ಬಡಗಿ, ಬಣ್ಣಗಾರ, ಫಲಕ ಬರೆಯುವ ಕಲಾವಿದ, ಸೈನ್ಯದಿಂದ ನಿವೃತ್ತರಾಗಿ ಬಂದ ಹಿರಿಯರು ಇವರನ್ನು ವರ್ಷಕ್ಕೆ ಕೆಲವು ದಿನ ಗುರುಗಳಾಗಿ ಕರೆಯಿರಿ. ವಸ್ತುಪ್ರದರ್ಶನದಲ್ಲಿ ಅಂಗಡಿಯಿಂದ ತಂದ ಮಾದರಿಗೆ ಪ್ರವೇಶವಿಲ್ಲವೆಂದು ಸಾರಿಬಿಡಿ. ಸಾಧ್ಯವಾದ ವರ್ಷ ಮಕ್ಕಳನ್ನು ಮಡಿಕೇರಿಗೆ ಕರೆದೊಯ್ಯಿರಿ; ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಇನ್ನೂ ದೂರ ಹೋಗಬಲ್ಲವರಿಗೆ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ಆರಂಭವಾದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ.

ಕಮಾನಿಗೆ ಒಮ್ಮೆ ಬಣ್ಣ ಹಚ್ಚಿದರೆ ಮುಗಿಯಿತು. ಅದನ್ನು ಹಚ್ಚುವವರು ಕೂಲಿಯವರು. ಕೈಕೆಲಸದ ಕೊಠಡಿಯಲ್ಲಿ ಪ್ರತಿ ವರ್ಷವೂ ಹೊಸ ಕೈಗಳು ಬಣ್ಣ ಹಚ್ಚುತ್ತವೆ. ಶಾಲೆಯ ವಜ್ರ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಆ ಕೈಗಳಲ್ಲೊಂದು ಲೇಖನ ಬರೆಯಲಿ ಎಂದು ಹಾರೈಸುತ್ತೇನೆ.